ನಿಧಾನದವರು ಮುಂದೆ

ಪುಲಾಗ್ ಬೆಟ್ಟದ ಬುಡ, ಭಾನುವಾರ

ಅಕ್ಕಾ,
ನಮ್ಮ ಚಾರಣ ಕ್ಲಬ್ಬಿನ ಹನ್ನೊಂದೂ ಜನ ಕ್ಷೇಮವಾಗಿ ಇಳಿದೆವು. ನಿಧಾನ ನಡೆಯುವವರು ಸಾಲಿನ ಮುಂದಿರಬೇಕು, ಅವರನ್ನು ಯಾರೂ ದಾಟಬಾರದು ಎಂದು ನಿಯಮ ಮಾಡಿದವಳು ನಾನೇ ತಾನೆ? ಎಂಟು ವರ್ಷ ಬೇಕರಿಯ ಬೆರ್ತಿಂಗನನ್ನು ಮುಂದೆ ಬಿಟ್ಟು, ಅಧ್ಯಕ್ಷೆ ನಾನು ಕೊನೆಯಲ್ಲಿ ನಡೆದೆ. ಈ ಸಲ ಅರ್ಧ ದಾರಿಯಲ್ಲೇ ನನ್ನ ಮಂಡಿ ಊದಿತು. ನಾನು ಇಳಿಯುತ್ತೇನೆ ಎಂದೆ. ಬೆರ್ತಿಂಗ್ ನನ್ನ ಚೀಲ ಕಿತ್ತುಕೊಂಡ. "ಮುಂದೆ ನಡೀರಿ ಮೇಡಂ. ಬೆಟ್ಟ ಎಲ್ಲೂ ಓಡಿಹೋಗಲ್ಲ ಅಂತ ನನಗೆ ಹೇಳ್ತಿದ್ದೋರು ನೀವೇ ಅಲ್ವಾ?"

ತುದಿಯಲ್ಲಿ ಮೋಡವೆಲ್ಲ ಕಾಲ ಕೆಳಗೆ, ಉಕ್ಕಿದ ಗಂಜಿಯ ಹಾಗೆ. ಮಂಡಿಗೆ ಶುಂಠಿ ಅರೆದು ಕಟ್ಟಿದ್ದಾರೆ, ಊತ ಇಳಿದಿದೆ. ಜೀಪು ಹಾರ್ನ್ ಹೊಡೆಯುತ್ತಿದೆ. ಅಮ್ಮನಿಗೆ ಮಂಡಿಯ ಸುದ್ದಿ ಬೇಡ. ಎಲ್ಲರಿಗಿಂತ ಮೊದಲು ತುದಿ ಮುಟ್ಟಿದವಳು ನಾನು ಎಂದಷ್ಟೇ ಹೇಳು. ಅದೂ ನಿಜವೇ.

ಪಾಸಿತಾ