ಹಾರ್ಮೋನಿಯಂ ಕಳುವಾಗಿಲ್ಲ

ಸೊಸೆಮ್ಮಾ,

ಕಪಾಟಿನ ಮೇಲೆ ಹಾರ್ಮೋನಿಯಂ ಕಾಣಲಿಲ್ಲ ಅಂತ ಮನೆ ತಲೆಕೆಳಗು ಮಾಡಬೇಡ. ನಾನೇ ರಿಪೇರಿಗೆ ಕೊಟ್ಟು ಬಂದಿದ್ದೇನೆ. ಕಿರುಚುವುದಿದ್ದರೆ ಪೂರ್ತಿ ಓದಿ ಆಮೇಲೆ ಕಿರುಚು.

ಅದು ಬುಸ್ ಅನ್ನತೊಡಗಿ ಐದು ತಿಂಗಳಾಯಿತು. ಅವತ್ತಿನಿಂದ ನಿನ್ನ ಹಾಡೂ ನಿಂತಿದೆ. ನಿನ್ನ ಗುರುಗಳು ಕೊಟ್ಟ ಪೆಟ್ಟಿಗೆಯೊಳಗೆ ಸ್ವರ ಹೊರಡಿಸುವ ಹಳೆಯ ಹಿತ್ತಾಳೆ ರೀಡುಗಳನ್ನು ಯಾರಾದರೂ ಲಪಟಾಯಿಸುತ್ತಾರೆ ಅಂತ ನಿನಗೆ ಭಯ. ಹೋದಲ್ಲೆಲ್ಲ "ರೀಡ್ ಬದಲಾಯಿಸಲ್ಲ ತಾನೇ?" ಅಂತ ಕೇಳಿ, ಅನುಮಾನ ಪಟ್ಟು ವಾಪಸ್ ಹೊತ್ತು ತರುತ್ತೀಯ. ಹಾಗೆ ಕೇಳಿದರೆ ಯಾವ ಕಳ್ಳ ಒಪ್ಪಿಕೊಳ್ಳುತ್ತಾನೆ, ಪೆದ್ದಿ?

ನಾನು ತಿರುಗಿಸಿ ಕೇಳಿದೆ. "ಹಳೇದೆಲ್ಲ ಕಿತ್ತು ಬಿಸಾಕಿ, ಹೊಸಾ ರೀಡ್ ಹಾಕ್ಕೊಡಿ" ಅಂದೆ. ಇಬ್ಬರು ಅಂಗಡಿಯವರು "ಆಗ್ಲಿ ಅಮ್ಮಾ, ಬಿಟ್ಟೋಗಿ" ಅಂದರು. ಗಡಿಯಾರದಂಗಡಿಯ ಹಿಂದೆ ಹಾರ್ಮೋನಿಯಂ ರಿಪೇರಿ ಮಾಡುವ ಮುದುಕರು ಮಾತ್ರ ಮುಚ್ಚಳ ತೆಗೆದು ನೋಡಿ, "ನಿಮಗೇನು ತಲೆ ಕೆಟ್ಟಿದ್ಯಾ? ಇಂಥ ರೀಡು ಈಗ ಯಾರು ಮಾಡ್ತಾರೆ? ಗಾಳಿ ಹಾಕೋ ತಿದಿ ಹರಿದಿದೆ, ಅಷ್ಟೇ" ಅಂತ ಬೈದರು. ಬೈಸಿಕೊಂಡು ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಅವರ ಕೈಗೇ ಕೊಟ್ಟೆ.

ಸಂಜೆ ಐದಕ್ಕೆ ನೀನೇ ಹೋಗಬೇಕು. ನುಡಿಸುವವರು ಎದುರಿಗೆ ಕೂತು ನುಡಿಸಿ ನೋಡದೆ ಅವರು ಮುಚ್ಚಳ ಹಾಕುವುದಿಲ್ಲವಂತೆ. ಹಾಗೇ, ನಮ್ಮತ್ತೆಯ ತಲೆ ನೆಟ್ಟಗೇ ಇದೆ ಅಂತ ಒಂದು ಮಾತು ಹೇಳಿಬಿಡು.

ನಾನು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಆರಕ್ಕೆ ಬರುತ್ತೇನೆ. ಅಡುಗೆ ನನ್ನದು, ಹಾಡು ನಿನ್ನದು. ಗಂಟಲು ಕಟ್ಟಿದೆ ಅನ್ನುವ ನೆಪ ಇವತ್ತು ನಡೆಯುವುದಿಲ್ಲ.

— ಅತ್ತೆ