ರೆಮಿಟರ್ ಯಾರು?

ವಿಜಯನಗರ, ಬೆಂಗಳೂರು
10-6-1986, ಮಂಗಳವಾರ

ಚಿರಂಜೀವಿ ಗೋಪಿಗೆ,

ನಿನ್ನ ಅಕ್ಕ ಮಾಡುವ ಆಶೀರ್ವಾದಗಳು. ಆರೋಗ್ಯವಾಗಿದ್ದೀಯಾ? ಕೆಮ್ಮು ನಿಂತಿತೇ? ಹೊಸ ಕೆಲಸದ ಹುರುಪಿನಲ್ಲಿ ಮಧ್ಯಾಹ್ನದ ಊಟ ತಪ್ಪಿಸಬೇಡ, ಹೋಟೆಲಿನ ಬೋಂಡಾ ಊಟವಲ್ಲ. ಸೇತಣ್ಣ, ಅತ್ತಿಗೆ ತಿರುಪತಿಗೆ ಹೋಗಿದ್ದಾರೆ, ಬರುವುದು ಶುಕ್ರವಾರ. ಮನೆಯಲ್ಲಿ ನಾನೊಬ್ಬಳೇ. ಬೆಳಿಗ್ಗೆ ಆರಕ್ಕೆ ಪೀಣ್ಯದ ಫ್ಯಾಕ್ಟರಿಗೆ ಹೋಗಿ ಕಾಯಿಲ್ ಸುತ್ತುತ್ತೇನೆ, ಮೂರೂವರೆಗೆ ಬಂದು ಒಬ್ಬಳಿಗೆ ಸಾರು ಮಾಡುತ್ತೇನೆ. ಒಬ್ಬಳಿಗೆ ಎಷ್ಟು ಉಪ್ಪು ಹಾಕಬೇಕೆಂದು ಇನ್ನೂ ಗೊತ್ತಾಗಿಲ್ಲ.

ನಿನ್ನ ಹಾಸ್ಟೆಲ್‌ಗೆ ಕಳಿಸಿದ್ದ ಕೊನೆಯ ಡ್ರಾಫ್ಟು, ಇನ್ನೂರ ಎಂಬತ್ತು ರೂಪಾಯಿಯದು, ನೀನು ಮೆಸ್ ಬಿಟ್ಟಿದ್ದರಿಂದ ವಾಪಸು ಬಂತು. ಅದನ್ನು ರದ್ದು ಮಾಡಿಸಿ ನಿನಗೆ ಎರಡು ಶರ್ಟು ಹೊಲಿಸೋಣವೆಂದು ಶನಿವಾರ ರಜೆ ಹಾಕಿ ಬ್ಯಾಂಕಿಗೆ ಹೋದೆ. ನಿನ್ನ ಓದಿನ ಈ ನಾಲ್ಕು ವರ್ಷದಲ್ಲಿ ನಾನು ಆ ಬ್ಯಾಂಕಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಬ್ಯಾಂಕು ತೆಗೆಯುವ ಹೊತ್ತಿಗೆ ನಾನು ಮೆಷಿನ್ ಮುಂದೆ ಇರುತ್ತಿದ್ದೆನಲ್ಲ, ಸಂಬಳದ ದಿನ ಸಂಜೆ ದುಡ್ಡನ್ನು ಅಣ್ಣನ ಕೈಗೆ ಕೊಡುವುದು, ಮಾರನೆಯ ದಿನ ಅವನು ಫಾರಂ ತುಂಬಿ ಡ್ರಾಫ್ಟ್ ತೆಗೆದು ಪೋಸ್ಟ್ ಮಾಡುವುದು, ಇದೇ ನಮ್ಮ ಏರ್ಪಾಡು. ಕೌಂಟರಿನ ಕೃಷ್ಣಯ್ಯನವರು ತುಂಬಾ ಒಳ್ಳೆಯವರು. “ಕ್ಯಾನ್ಸಲ್ ಮಾಡೋಕೆ ರೆಮಿಟರ್ ಸೈನ್ ಬೇಕಮ್ಮ” ಅಂದರು. ಹಾಗಂದರೇನೆಂದು ಕೇಳಿದೆ. “ದುಡ್ಡು ಕಳಿಸಿದೋರು ಕಣಮ್ಮ” ಅಂದರು. ಹಾಗಾದರೆ ನಾನೇ ಎಂದು ಜಂಬದಿಂದಲೇ ಪೆನ್ನು ತೆಗೆದೆ, ನೋಡು. ಅವರು ಹಳೆಯ ಫಾರಂ ಹುಡುಕಿ ತೋರಿಸಿದರು. ರೆಮಿಟರ್ ಎಂಬ ಕಡೆ ಅಣ್ಣನ ಹೆಸರು, ಅಣ್ಣನ ರುಜು. “ದುಡ್ಡು ಯಾರ್ ದುಡಿದ್ರು ಅಂತ ಬ್ಯಾಂಕ್ ಕೇಳಲ್ಲಮ್ಮ. ಫಾರಂನಲ್ಲಿ ಯಾರ ಹೆಸರಿದ್ಯೋ ಅವ್ರೇ ರೆಮಿಟರ್” ಅಂದರು. ನನಗೆ ಕೋಪವೇನೂ ಬರಲಿಲ್ಲ. ಕ್ಯೂನಲ್ಲಿ ನಿಂತವನು ಅವನು, ಅವನ ಹೆಸರಿದ್ದರೇನಂತೆ ಅಂದುಕೊಂಡು ಬರುವಾಗ ಸೊಪ್ಪು ತಂದೆ.

ನಿನ್ನೆ ನಿನ್ನ ಕಾಗದ ಬಂತು. ಅಣ್ಣನ ಹೆಸರಿಗಿತ್ತು. ನಿನ್ನ ಕಾಗದ ಯಾರ ಹೆಸರಿಗೆ ಬಂದರೂ ಒಡೆದು ಎಲ್ಲರಿಗೂ ಓದಿ ಹೇಳುವವಳು ನಾನೇ ಎಂಬುದನ್ನು ನೀನು ಮರೆತಿದ್ದೆಯೋ ಏನೋ. “ನಾಲ್ಕು ವರ್ಷ ನಿಮ್ಮ ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದಿರಿ ಅಣ್ಣಾ, ಅಪ್ಪನ ಮೂಡಲಪಾಳ್ಯದ ಸೈಟಿನಲ್ಲಿ ನನ್ನ ಪಾಲು ನಿಮಗೇ” ಎಂದು ಬರೆದಿದ್ದೀಯ. ಅಂದರೆ ದುಡ್ಡು ತನ್ನದೇ ಎಂದು ಅಣ್ಣ ನಿನಗೆ ಹೇಳಿಕೊಂಡೇ ಬಂದಿದ್ದಾನೆ. ಅದನ್ನೂ ನುಂಗಿಕೊಂಡೆ. ಅದರ ಕೆಳಗಿನ ಸಾಲನ್ನು ಮಾತ್ರ ನುಂಗಲು ಆಗಲಿಲ್ಲ. “ಸೋಮವಾರ ಸೈಟು ನಿಮ್ಮ ಹೆಸರಿಗೆ ರಿಜಿಸ್ಟ್ರಿ ಮಾಡಿಸೋಕೆ ಅಕ್ಕನ ರುಜು ನನಗೆ ಬಿಡಿ. ಭಾನುವಾರ ಬಂದು ನಾನೇ ಹೇಳ್ತೀನಿ. ನನ್ನ ಮಾತು ಅವಳು ತೆಗೆದುಹಾಕಲ್ಲ.”

ಗೋಪಿ, ಆ ಸೈಟಿನ ಮೂರರಲ್ಲೊಂದು ಪಾಲು ಬಿಟ್ಟರೆ ನನಗೆ ಅಂತ ಏನಿದೆ ಹೇಳು. ಮೂವತ್ತಾರು ವರ್ಷಕ್ಕೆ ಇನ್ನು ಮದುವೆಯ ಮಾತು ಯಾರೂ ಎತ್ತುವುದಿಲ್ಲ. ಒಂದು ರೂಮು, ಒಂದು ಅಡುಗೆಮನೆ ಹಾಕಿಸಿಕೊಳ್ಳಬೇಕೆಂದು ನಿನ್ನ ಹತ್ತಿರ ಮಾತ್ರ ಹೇಳಿದ್ದೆ, ನೀನು ನಕ್ಷೆ ಕೂಡ ಬರೆದುಕೊಟ್ಟಿದ್ದೆ. ಹೋದ ರಜೆಯಲ್ಲಿ ನನ್ನ ಹರಿದ ಚಪ್ಪಲಿ ನೋಡಿ “ಸಂಬಳ ಎಲ್ಲ ಏನ್ ಮಾಡ್ತೀಯೇ ಅಕ್ಕ, ಚಿನ್ನ ಮಾಡಿಸ್ತಿದೀಯಾ?” ಎಂದು ರೇಗಿಸಿದೆ. ನಾನು ನಕ್ಕುಬಿಟ್ಟೆ. ಮನೆಯೊಳಗೆ ಕೊಟ್ಟದ್ದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ಅಮ್ಮನಿಗೆ ಆಗುತ್ತಿರಲಿಲ್ಲ, ನಾನೂ ಹಾಗೇ ಬೆಳೆದೆ. ಹೇಳದೆಯೇ ನಿನಗೆ ಗೊತ್ತಿದೆ ಅಂದುಕೊಂಡಿದ್ದೆ. ಅಣ್ಣನ ಮೇಲೆ ನನಗೆ ಕೋಪವಿದೆ, ಜಗಳ ಆಡಿ ತೀರಿಸಿಕೊಳ್ಳುತ್ತೇನೆ. ನಿನ್ನ ಮೇಲಿನದು ಕೋಪವಲ್ಲ. ಅದಕ್ಕೆ ಏನೆನ್ನಬೇಕೋ ತಿಳಿಯದೆ ರಾತ್ರಿಯ ಅನ್ನ ಮುಚ್ಚಿಟ್ಟು ಮಲಗಿದೆ.

ಪಕ್ಕದ ಮನೆ ಲಕ್ಷ್ಮಿದೇವಮ್ಮ ನಿನ್ನನ್ನು ವಿಚಾರಿಸಿದರು. ಮಳೆಯಲ್ಲಿ ನೆನೆಯಬೇಡ. ದೇವರು ನಿನಗೆ ಒಳ್ಳೆಯದು ಮಾಡಲಿ, ಇದನ್ನು ಮನಸ್ಸಿನಿಂದಲೇ ಬರೆದಿದ್ದೇನೆ.

ಇತಿ ನಿನ್ನ ಅಕ್ಕ,
ಜಗದಾಂಬಾ

ತಾ.ಕ.: ಡಬ್ಬಿಗೆ ಹಾಕುವ ಮುಂಚೆ ಇಷ್ಟು. ಸೋಮವಾರ ನಾನು ರುಜು ಹಾಕುವುದಿಲ್ಲ. ಯಾರು ಹೇಳಿದರೂ ಇಲ್ಲ, ನೀನು ಹೇಳಿದರೂ ಇಲ್ಲ. ಆ ರುಜುವಿಗಾಗಿ ಭಾನುವಾರ ಬರುವುದಾದರೆ ಬರಬೇಡ. ನನ್ನನ್ನು ನೋಡಬೇಕು ಅನ್ನಿಸಿದರೆ ಶನಿವಾರವೇ ಬಾ.