ನಿನ್ನಪ್ಪ ಏಳಲಿಲ್ಲ

ಮಾಡ್ಬರಿ, ಅಡಿಲೇಡ್
೧೨ ಆಗಸ್ಟ್ ೧೯೮೬

ನನ್ನ ಮುದ್ದು ಕಸ್ತೂರಿ,

ನಿನ್ನೆ ಪರ್ತ್‌ನಿಂದ ನಿನ್ನಮ್ಮ ಫೋನ್ ಮಾಡಿದ್ದರು. ಶಾಲೆಯ ಹುಡುಗಿಯರು ನಿನ್ನ ಗುಂಗುರು ಕೂದಲು ಹಿಡಿದೆಳೆದು ತಲೆಯನ್ನು ಗೋಡೆಗೆ ಗುದ್ದಿಸಿದರಂತೆ. ನೀನು ಮನೆಗೆ ಬಂದು ಕೂದಲನ್ನೆಲ್ಲ ಬುಡಕ್ಕೆ ಕತ್ತರಿಸಿಕೊಂಡು, ನಾನು ಸಿದ್ದಿ ಅಂತ ಇನ್ನು ಯಾರಿಗೂ ಹೇಳಬೇಡಿ ಎಂದೆಯಂತೆ. ಹೇಳುತ್ತ ಹೇಳುತ್ತ ಅತ್ತಿಗೆ ಅತ್ತುಬಿಟ್ಟರು.

ನಿನ್ನಪ್ಪ ಕಾರು ಅಪಘಾತದಲ್ಲಿ ತೀರಿಕೊಂಡ ಎಂದು ನಿನಗೆ ಹೇಳಿದ್ದೇವೆ. ಆಗ ನೀನು ಚಿಕ್ಕವಳು. ಈಗ ಹದಿನಾರಾಯಿತು, ನಿಜ ತಿಳಿದುಕೋ. ಕಂಡವರು ಹೇಳಿದ್ದನ್ನು ಬರೆಯುತ್ತೇನೆ.

ನಮ್ಮ ಸಿದ್ದಿಗಳ ಹಿರಿಯರು ಆಫ್ರಿಕದಿಂದ ಗುಲಾಮರಾಗಿ ಬಂದವರು, ಯಲ್ಲಾಪುರದ ಕಾಡಿಗೆ ತಪ್ಪಿಸಿಕೊಂಡು ಹೋಗಿ ಬದುಕಿದವರು. ಬ್ರಿಸ್ಬೇನಿನಲ್ಲಿ ನರ್ಸ್ ಆಗಿದ್ದಾಗ ನಿನ್ನಪ್ಪ, ನನ್ನ ಅಣ್ಣ, ಇದನ್ನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಕನ್ನಡದ ಡಾಕ್ಟರುಗಳು ಹಬ್ಬಕ್ಕೆ ಕರೆದರೆ ನಮ್ಮ ದಮಾಮಿ ಡೋಲನ್ನು ಹೆಗಲಿಗೇರಿಸಿಯೇ ಹೋಗುತ್ತಿದ್ದ, ಅವರ ಮಕ್ಕಳನ್ನೆಲ್ಲ ಕುಣಿಸಿ ಸುಸ್ತು ಮಾಡುತ್ತಿದ್ದ.

ಎಪ್ಪತ್ತೆಂಟರಲ್ಲಿ ಒಂದು ಭಾನುವಾರ ಮಧ್ಯಾಹ್ನ. ಪಬ್ಬೊಂದರ ಬಾಗಿಲಲ್ಲಿ ಮೂವರು ಗಂಡಸರು ಈ ನೆಲದ ಮೂಲನಿವಾಸಿ ಮುದುಕರೊಬ್ಬರನ್ನು ಹೊರಗೆ ದಬ್ಬಿ, ಬಾಟಲಿಯಿಂದ ತಲೆ ಒಡೆದರು. ಅಣ್ಣ ರಸ್ತೆ ದಾಟಿ ಓಡಿದ. ಅಂಗಿ ಬಿಚ್ಚಿ ಗಾಯಕ್ಕೆ ಒತ್ತಿಹಿಡಿದು ಕೂತ. ನೀನೂ ಇವನ ಕಡೆಯವನೇನು ಎಂದು ಅವರು ಕೇಳಿದರು. ಜೊತೆಗೆ ಬಂದಿದ್ದ ಡಾಕ್ಟರ್ ಚಂದ್ರಮೌಳಿ ಆಚೆ ಬದಿಯಿಂದಲೇ ಕನ್ನಡದಲ್ಲಿ ಕೂಗಿದರು:

"ಮಹಾಬಲೇಶ್ವರ, ಇಂಡಿಯನ್ ಅಂತ ಹೇಳ್ಬಿಡಯ್ಯಾ, ಬಿಟ್ಬಿಡ್ತಾರೆ."

ಅಣ್ಣ ತಲೆಯೆತ್ತಿ ಆ ಮೂವರಿಗೆ ಇಂಗ್ಲಿಷಿನಲ್ಲಿ ಹೇಳಿದ: "ಹೌದು, ನಾನು ಇವರ ಕಡೆಯವನೇ. ನಾನು ಸಿದ್ದಿ. ರಕ್ತ ನಿಲ್ಲೋವರೆಗೂ ಏಳೋದಿಲ್ಲ."

ಮೊದಲ ಒದೆ ಪಕ್ಕೆಗೆ ಬಿತ್ತು. ಮತ್ತೊಂದಕ್ಕೆ ಹಲ್ಲು ಉದುರಿದವು. ಒಬ್ಬ ಬೂಟಿನಿಂದ ಅವನ ಬೆರಳುಗಳನ್ನೇ ಜಜ್ಜಿದ. ಅಣ್ಣ ಇನ್ನೊಂದು ಕೈಯಿಂದ ಗಾಯ ಒತ್ತಿಹಿಡಿದ. ಕೊನೆಗೆ ಬಂದ ಪೊಲೀಸಿನವನು ಬೇಡಿ ತೊಡಿಸಿದ್ದು ಅಣ್ಣನಿಗೆ.

ಹೊಟ್ಟೆಯೊಳಗೆ ರಕ್ತ ಸೋರಿ, ತಾನು ದುಡಿಯುತ್ತಿದ್ದ ಆಸ್ಪತ್ರೆಯಲ್ಲೇ ಮರುದಿನ ಅಣ್ಣ ಹೋಗಿಬಿಟ್ಟ. ಆ ಮುದುಕರು ಬದುಕಿದರು. ಮೂವರಲ್ಲಿ ಒಬ್ಬನಿಗೆ ಮಾತ್ರ ಜೈಲಾಯಿತು. ತಾವೇನೂ ನೋಡಲಿಲ್ಲವೆಂದು ಚಂದ್ರಮೌಳಿ ಕೋರ್ಟಿನಲ್ಲಿ ಹೇಳಿದರು. ಅವರ ಹೆಸರು ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನೀನು ಯಾರ ಮಗಳು ಎಂದು ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎನ್ನುವುದು ನಿನಗೆ ಬಿಟ್ಟದ್ದು. ಆದರೆ ಆ ಹುಡುಗಿಯರ ವಿಷಯ ನಾನು ಬಿಡುವವಳಲ್ಲ. ಶನಿವಾರ ಬರುತ್ತೇನೆ. ಸೋಮವಾರ ನಿನ್ನ ಜೊತೆ ಶಾಲೆಗೆ ನಡೆಯುತ್ತೇನೆ.

ನಿನ್ನ ಸೋದರತ್ತೆ,
ನಾಗವೇಣಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಆ ಮಧ್ಯಾಹ್ನ ನಾನೂ ಅಲ್ಲಿದ್ದೆ. ಅಣ್ಣನ ಮೇಲೆ ಅಡ್ಡ ಬಿದ್ದಿದ್ದೆ. ನನ್ನ ಎಡಗಿವಿ ಕೇಳಿಸದಿರುವುದು ಚಿಕ್ಕಂದಿನ ಜ್ವರದಿಂದಲ್ಲ, ಕಸ್ತೂರಿ.